ರಾಶಿ ಮನೆ ಸೇರಿದ ಮೇಲೆ ಕೊಳಗ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಜೋ ಗ್ರೀನ್ ಅವರನ್ನು ವಿಪರೀತ ಹೊಗಳಿದ್ದೀರಿ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಧಿಕೃತ ದಾಖಲೆಯಲ್ಲಿ ಅವರ ಹೆಸರಿಗೆ ಒಂದೇ ಒಂದು ಸ್ಯಾಕ್ ಇಲ್ಲ. ಹದಿನೇಳು ಋತು ಕೋಚ್ ಆಗಿದ್ದರೂ ಮುಖ್ಯ ಕೋಚ್ ಆಗಲಿಲ್ಲ. ಇದೆಂಥ ದೊಡ್ಡತನ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಾಖಲೆ ತೆಗೆದು ನೋಡಿ ಬರೆದಿದ್ದೀರಿ, ಅಷ್ಟಕ್ಕೆ ಶಹಬ್ಬಾಸ್. ಆದರೆ ಆ ಲೆಕ್ಕ ಎಂದು ಶುರುವಾಯಿತು ಎಂಬುದನ್ನು ನೋಡಲಿಲ್ಲ. ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವ ಸ್ಯಾಕನ್ನು ಲೀಗ್ ಆಟಗಾರರ ಹೆಸರಿಗೆ ಬರೆಯತೊಡಗಿದ್ದು 1982ರಲ್ಲಿ. ಗ್ರೀನ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪರ ಆಡಿದ್ದು 1969ರಿಂದ 1981ರವರೆಗೆ. ರಾಶಿ ಮನೆ ಸೇರಿದ ಮೇಲೆ ಕೊಳಗ ತಂದು, ಕಣದಲ್ಲಿ ಕಾಳೇ ಇಲ್ಲವಲ್ಲ ಎಂದ ಹಾಗಾಯಿತು ನಿಮ್ಮ ಮಾತು.

1974ರಲ್ಲಿ ಅವರು ನಿಂತ ಬಗೆ ನೋಡಿ. ಡಿಫೆನ್ಸಿವ್ ಟ್ಯಾಕಲ್, ಅಂದರೆ ರಕ್ಷಣೆಯ ಮುಂಚೂಣಿಯ ನಡುವೆ ನಿಲ್ಲುವವನು, ಸಾಮಾನ್ಯವಾಗಿ ಎದುರಾಳಿಗೆ ನೇರ ಮುಖ ಕೊಟ್ಟು ನಿಲ್ಲುತ್ತಾನೆ. ಅದೇ ಜಾಗದ ಗ್ರೀನ್ ಮಾತ್ರ, ಎದುರಾಳಿ ಸಾಲಿನಲ್ಲಿ ಅಕ್ಕಪಕ್ಕ ನಿಂತು ತಡೆಯುವ ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದಿಗೆ ಓರೆಯಾಗಿ ನಿಂತರು. ಒಬ್ಬನೇ ತಡೆದರೆ ಸಂದಿಯಲ್ಲಿ ನುಗ್ಗುತ್ತಾರೆ. ಇಬ್ಬರೂ ಮೇಲೆ ಬಿದ್ದರೆ ಹಿಂದಿರುವ ಲೈನ್‌ಬ್ಯಾಕರ್ ಜ್ಯಾಕ್ ಲ್ಯಾಂಬರ್ಟ್‌ರನ್ನು ತಡೆಯಲು ಆಳಿಲ್ಲ. ಕೆಡವಿದ ಹೆಸರು ಲ್ಯಾಂಬರ್ಟ್‌ಗೆ. ಆ ಋತುವಿನ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಅಂತಿಮ ಪಂದ್ಯದಲ್ಲಿ, ಮಿನ್ನೆಸೋಟ ವೈಕಿಂಗ್ಸ್ ಚೆಂಡು ಹಿಡಿದು ಓಡಿ ಗಳಿಸಿದ್ದು, ಇಡೀ ಆಟದಲ್ಲಿ, 17 ಗಜ!

ಈ ಮುಂಚೂಣಿಯವರನ್ನು ತಯಾರು ಮಾಡುವ ಲೈನ್ ಕೋಚ್‌ನ ಕೆಲಸ ಇನ್ನೂ ಸೂಕ್ಷ್ಮ. ನೆಲಕ್ಕೂರಿದ ಕೈಮೇಲೆ ಭಾರ ಹೆಚ್ಚಾದರೆ ಆಟಗಾರ ಪಕ್ಕಕ್ಕೆ ಹೊರಳಲಾರ. ಕಡಿಮೆಯಾದರೆ ಮೊದಲ ಗುದ್ದಿಗೇ ಹಿಂದೆ ಸರಿಯುತ್ತಾನೆ. ಕಣ್ಣು ಚೆಂಡಿನ ಮೇಲೆ; ಕ್ವಾರ್ಟರ್‌ಬ್ಯಾಕ್ ಕೂಗಿಗೆ ಕಿವಿಗೊಟ್ಟು ಜಿಗಿದರೆ ಆಫ್‌ಸೈಡ್, 5 ಗಜ ದಂಡ. ಮೊದಲ ಹೆಜ್ಜೆ ಗೇಣಿನೊಳಗಿರಬೇಕು, ಉದ್ದವಾದರೆ ಕಾಲು ಗಾಳಿಯಲ್ಲಿರುವಾಗಲೇ ಪೆಟ್ಟು ಬೀಳುತ್ತದೆ. ಅಂಗೈ ಎದುರಾಳಿಯ ಎದೆಗೆ, ಹೆಬ್ಬೆರಳು ಮೇಲಕ್ಕೆ, ಮೊಣಕೈ ಪಕ್ಕೆಗೆ. ಮೊಣಕೈ ಅಗಲವಾಯಿತೋ, ಅವನ ಕೈ ಒಳಗೆ ನುಸುಳಿ ಜೆರ್ಸಿ ಅವನ ಮುಷ್ಟಿಗೆ ಸಿಗುತ್ತದೆ. ಇಬ್ಬರು ಸೇರಿ ದೂಡಿದಾಗ ಹೊಸಬ ಗಾಬರಿಯಲ್ಲಿ ನೆಟ್ಟಗಾಗುತ್ತಾನೆ, ಅಲ್ಲಿಗೆ ಅವನ ಕಥೆ ಮುಗಿಯಿತು. ಎರಡನೆಯವನು ಬರುವ ಕಡೆಯ ಸೊಂಟ ತಗ್ಗಿಸಿ ಆ ಮಂಡಿ ಊರಬೇಕು. ಇಂಥ ಪಾಠವನ್ನು ಗ್ರೀನ್ 1987ರಿಂದ ಸ್ಟೀಲರ್ಸ್‌ನಲ್ಲಿ, 1992ರಿಂದ ಮಯಾಮಿ ಡಾಲ್ಫಿನ್ಸ್‌ನಲ್ಲಿ, 1996ರಿಂದ 2003ರವರೆಗೆ ಅರಿಜೋನ ಕಾರ್ಡಿನಲ್ಸ್‌ನಲ್ಲಿ ಹೇಳಿದರು. ಯಾವ ಅಂಕಪಟ್ಟಿಯಲ್ಲಿ ಹುಡುಕುತ್ತೀರಿ ಅದನ್ನು?

ಮುಖ್ಯ ಕೋಚ್ ಆಗಲಿಲ್ಲ, ನಿಜ. ಸ್ಟೀಲರ್ಸ್‌ನ ಮುಖ್ಯ ಕೋಚ್ ಚಕ್ ನೋಲ್ ನಿವೃತ್ತರಾದಾಗ ಆ ಕುರ್ಚಿ ಬಿಲ್ ಕಾವರ್‌ಗೆ ಹೋಯಿತು, ಅವರೂ ಸಮರ್ಥರೇ. ಆದರೆ ಹೆಡ್‌ಮಾಸ್ಟರ್ ಆಗದ ಮೇಷ್ಟ್ರಿಗೆ ಪಾಠವೇ ಬರುವುದಿಲ್ಲ ಎನ್ನುತ್ತೀರಾ, ಸ್ವಾಮಿ? ಮೇರಿಯನ್ ಕ್ಯಾಂಬೆಲ್ ಕೂಡ ಲೈನ್‌ಮನ್, 1960ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಜೊತೆ ಚಾಂಪಿಯನ್. ಮೂರು ಸಲ ಮುಖ್ಯ ಕೋಚ್ ಆದರು. ಗೆದ್ದದ್ದು 34, ಸೋತದ್ದು 80. ಕುರ್ಚಿಯಿಂದ ಏನು ತಿಳಿಯಿತು?

ತಪ್ಪು ನಿಮ್ಮೊಬ್ಬರದಲ್ಲ, ನಮ್ಮಂಥ ಪತ್ರಿಕೆಗಳದ್ದೂ ಹೌದು. ಕಬಡ್ಡಿಯಲ್ಲೇ ನೋಡಿ: ರೈಡರ್ ಫೋಟೊ ಮೂರು ಕಾಲಂ, ಸರಪಳಿ ಕಟ್ಟಿ ಅವನನ್ನು ಗೆರೆಯಾಚೆ ತಳ್ಳಿದ ಇಬ್ಬರಲ್ಲಿ ಒಬ್ಬನಿಗೆ ಅಂಕ, ಇನ್ನೊಬ್ಬನ ಹೆಸರೂ ಇಲ್ಲ.

ಮುಂದಿನ ಸಲ ಆಟ ನೋಡುವಾಗ ಹತ್ತು ನಿಮಿಷ ಚೆಂಡನ್ನು ಬಿಡಿ. ನಡುವೆ ನಿಂತವರ ಮಂಡಿ, ಮೊಣಕೈ ಮಾತ್ರ ನೋಡಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ.