ಓದುಗರ ಪ್ರಶ್ನೆ: ಎದುರಿನವರ ಕಣ್ಣು ಕುಕ್ಕುವ ಹೆಡ್‌ಲೈಟ್

ಹಳೇ ಜೀಪಿನ ಹಾಲೊಜೆನ್ ಬೆಳಕು ಸಾಲದೆಂದು ಎಲ್‌ಇಡಿ ಬಲ್ಬ್ ಹಾಕಿಸಿದೆ. ಡಿಮ್‌ನಲ್ಲೇ ಹೋದರೂ ಎದುರಿನವರು ಡಿಪ್ಪರ್ ಹೊಡೆಯುತ್ತಾರೆ. ಏಕೆ?
— ನಾಪೋಕ್ಲು

ನಿಮ್ಮ ಡಿಮ್ ಈಗ ಡಿಮ್ ಆಗಿ ಉಳಿದಿಲ್ಲ. ಎಚ್4 ಅಂದರೆ ಡಿಮ್‌ಗೂ ಹೈ ಬೀಮ್‌ಗೂ ಒಂದೇ ಆಗಿರುವ ಹಾಲೊಜೆನ್ ಬಲ್ಬ್. ಅದರೊಳಗೆ ಡಿಮ್‌ಗೆ ಉರಿಯುವ ತಂತಿಯ (ಫಿಲಮೆಂಟ್) ಕೆಳಗೆ ಪುಟ್ಟ ಲೋಹದ ಬಟ್ಟಲಿರುತ್ತದೆ. ಕೆಳಮುಖವಾಗಿ ಹೋಗುವ ಬೆಳಕನ್ನು ಅದು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ, ಬೆಳಕೆಲ್ಲ ರಸ್ತೆಗೆ ಬೀಳುತ್ತದೆ. ರಿಫ್ಲೆಕ್ಟರಿನ ಬಾಗು ಆ ತಂತಿಯ ಜಾಗ ಮತ್ತು ಗಾತ್ರಕ್ಕೆ ಹೊಂದಿಸಿದ್ದು. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಮೇಲಂಚು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಮಗೆ ಮಾತ್ರ ಹತ್ತಿರದ ರಸ್ತೆ ಬೆಳ್ಳಗೆ ಕಂಡು, ಬೆಳಕು ಹೆಚ್ಚಿದಂತೆ ಅನಿಸುತ್ತದೆ.

ಬೆಳಕು ಸಾಲದ್ದಕ್ಕೆ ಬಲ್ಬನ್ನು ದೂರುವ ಮೊದಲು ವೈರಿಂಗ್ ನೋಡಿಸಿ. ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ವಿಚ್ಚಿನ ಮೂಲಕ, ಸಣ್ಣ ವೈರಿನಲ್ಲೇ ಹರಿಯುತ್ತದೆ. ಎಂಜಿನ್ ಚಾಲೂ ಇಟ್ಟು, ಡಿಮ್ ಉರಿಸಿ, ಮೊದಲು ಬ್ಯಾಟರಿಯಲ್ಲಿ, ಆಮೇಲೆ ಬಲ್ಬಿನ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಬಲ್ಬಿಗೆ 12.4 ಮಾತ್ರ ತಲುಪುತ್ತಿದ್ದರೆ ಹತ್ತರಲ್ಲೊಂದು ಪಾಲು ವೋಲ್ಟೇಜ್ ದಾರಿಯಲ್ಲೇ ಹೋಯಿತು. ಬೆಳಕು ಮಾತ್ರ ಹತ್ತರಲ್ಲಿ ಮೂರು ಪಾಲು ಕಡಿಮೆಯಾಗುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಡಿಮ್‌ಗೆ ಒಂದು, ಹೈ ಬೀಮ್‌ಗೆ ಒಂದು, 12 ವೋಲ್ಟ್ 30 ಆಂಪಿಯರ್ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ಪುಟ್ಟ ಪೆಟ್ಟಿಗೆ) ಹಾಕಿಸಿ. ಬ್ಯಾಟರಿ ಪಕ್ಕದಲ್ಲೇ ಎರಡಕ್ಕೂ ಬೇರೆಬೇರೆ 15 ಆಂಪಿಯರ್ ಫ್ಯೂಸ್, ಅಲ್ಲಿಂದ 2.5 ಚದರ ಮಿ.ಮೀ. ವೈರ್ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ; ಹಳೇ ಹೆಡ್‌ಲೈಟ್ ವೈರ್ 86ಕ್ಕೆ, 85 ಅರ್ಥಿಂಗ್‌ಗೆ. ಅರ್ಥಿಂಗ್ ಬೋಲ್ಟಿನ ಕೆಳಗೆ ಪೇಂಟ್ ಕೆರೆಯುವುದನ್ನು ಮರೆಯಬೇಡಿ, ಎಷ್ಟೋ ಸಲ ಅಸಲು ರೋಗವೇ ಅಲ್ಲಿರುತ್ತದೆ. ನಂತರ ಮೊದಲಿನ 60/55 ವಾಟ್ ಬಲ್ಬನ್ನೇ ಹಾಕಿ. 100/90 ವಾಟಿನದು ಬೇಡ: ಸಾಕೆಟ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟುಹೋಗುತ್ತದೆ.

ಹೆಡ್‌ಲೈಟಿನ ಎತ್ತರವನ್ನು ಮನೆಯಲ್ಲೇ ಸರಿಮಾಡಬಹುದೇ?
— ಸುಂಟಿಕೊಪ್ಪ

ಮಾಡಬಹುದು. ಕೊಡಗಿನಲ್ಲಿ ಮಟ್ಟಸವಾದ ಜಾಗ ಹುಡುಕುವುದೇ ಕಷ್ಟ. ಗೋಡೆಗೆ ತಾಗಿದ ಕಾಫಿ ಕಣವಿದ್ದರೆ ಅದೇ ಸಾಕು. ನೀರಿಳಿಯಲೆಂದು ಕಣಕ್ಕೆ ಕೊಟ್ಟ ಸ್ವಲ್ಪ ಇಳಿಜಾರು ಗೋಡೆಯವರೆಗೂ ಒಂದೇ ಸಮ ಇದ್ದು, ಎತ್ತರವನ್ನು ಗಾಡಿಯ ಹತ್ತಿರವೂ ಗೋಡೆಯ ಬಳಿಯೂ ನೆಲದಿಂದಲೇ ಅಳೆದರೆ ತೊಂದರೆಯಿಲ್ಲ. ಟಯರಿಗೆ ಸರಿಯಾದ ಗಾಳಿ ಹಾಕಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಗಾಡಿಯೊಳಗೆ ಹೆಡ್‌ಲೈಟನ್ನು ತಗ್ಗಿಸುವ ಲೆವೆಲ್ ತಿರುಗಣೆಯಿದ್ದರೆ ಅದನ್ನು 0ಗೆ ಇಡಿ. ಲೈಟಿನಿಂದ ಗೋಡೆಗೆ 5 ಮೀಟರ್ ಇರಲಿ. ಬಲ್ಬಿನ ನಡುಮಧ್ಯ ನೆಲದಿಂದ ಎಷ್ಟೆತ್ತರವೋ ಅಷ್ಟಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಡಿಮ್ ಬೆಳಕಿನ ಮೇಲಂಚು ಆ ಟೇಪಿಗಿಂತ 5 ಸೆ.ಮೀ. ಕೆಳಗಿರಬೇಕು, ಅಂದರೆ ಶೇ. 1 ಇಳಿಕೆ. ಲೈಟಿನ ಮೇಲೋ ಬಾನೆಟ್ ಒಳಗೋ ಬೇರೆ ಅಂಕಿ, ಉದಾಹರಣೆಗೆ ಶೇ. 1.2, ಬರೆದಿದ್ದರೆ ಅದನ್ನೇ ಹಿಡಿಯಿರಿ. ಅಂಚು ಎಡಗಡೆಗೆ ಮೇಲೇರಿದಂತೆ ಕಂಡರೆ ದೋಷವಲ್ಲ, ರಸ್ತೆ ಬದಿ ಕಾಣಲೆಂದೇ ಹಾಗಿರುತ್ತದೆ. ಬಲಗಡೆಗೆ ಏರಿದ್ದರೆ ಮಾತ್ರ ಅದು ಬಲಬದಿ ಸಂಚಾರದ ದೇಶಕ್ಕೆಂದು ಮಾಡಿದ ಲೈಟ್. ಲೈಟಿನ ಎತ್ತರ ಸರಿಮಾಡುವ ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿಹೋಗದು.

ಪಿಕಪ್ ಇರುವವರಿಗೊಂದು ಮಾತು. ಕಾಫಿ ಚೀಲ ಹೇರಿದಾಗ ಹಿಂಭಾಗ 5 ಸೆ.ಮೀ. ತಗ್ಗಿದರೂ, ಮುಂದಿನ-ಹಿಂದಿನ ಚಕ್ರಗಳ ಅಂತರ 3 ಮೀಟರ್ ಇದ್ದರೆ, 50 ಮೀಟರ್ ಆಚೆ ಬೆಳಕು 80 ಸೆ.ಮೀ. ಮೇಲೇಳುತ್ತದೆ. ತಿರುಗಣೆಯ ಮೇಲಿನ 1, 2, 3 ಅಂಕಿಗಳು ಇರುವುದು ಇದಕ್ಕೇ. ಲೋಡ್ ಹೆಚ್ಚಿದಂತೆ ದೊಡ್ಡ ಅಂಕಿಗೆ ತಿರುಗಿಸಿ.

ನನ್ನ ಹೊಸ ಬೈಕಿನ ಹೆಡ್‌ಲೈಟ್ ಹಗಲಲ್ಲೂ ಆರುವುದಿಲ್ಲ. ಸ್ವಿಚ್ ಹಾಕಿಸಲೇ?
— ಶನಿವಾರಸಂತೆ

ಬೇಡ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಅದು ಕಡ್ಡಾಯ. ಹೈ ಬೀಮ್ ಹಾಕದಿದ್ದರಾಯಿತು.

ಸಂಪಾಜೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೂ ಏನೂ ಕಾಣುವುದಿಲ್ಲ.
— ಮಡಿಕೇರಿ

ಹಾಕಿದ್ದರಿಂದಲೇ ಕಾಣುವುದಿಲ್ಲ. ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ತಿರುಗಿಸಿ ಬಿಳಿ ಗೋಡೆ ಕಟ್ಟುತ್ತವೆ. ಡಿಮ್ ಮತ್ತು ಬಂಪರಿನ ತಳದ ಫಾಗ್ ಲ್ಯಾಂಪ್ ಸಾಕು. ಮೇಲೆ ಹಾಕಿಸಿದ ಬಾರ್ ಲೈಟ್ ಆರಿಸಿ. ಮಳೆಗಾಲದಲ್ಲಿ ಗಾಜಿನ ಒಳಬದಿಯನ್ನೂ ಒರೆಸಿ, ಅಲ್ಲಿನ ಜಿಡ್ಡು ಎದುರಿನ ಬೆಳಕನ್ನು ಇಡೀ ಗಾಜಿಗೆ ಹರಡುತ್ತದೆ. ತಿರುವಿನಾಚೆ ಬೆಳಕಿನ ಛಾಯೆ ಕಂಡ ಕೂಡಲೇ ಡಿಮ್ ಮಾಡಿ, ಗಾಡಿ ಎದುರಾಗುವವರೆಗೆ ಕಾಯಬೇಡಿ. ಎದುರಿನವರು ಡಿಮ್ ಮಾಡದಿದ್ದರೆ ನೀವೂ ಹೈ ಬೀಮ್ ಹಾಕುವುದರಿಂದ ಇಬ್ಬರೂ ಕುರುಡರಾಗುತ್ತೀರಿ, ಅಷ್ಟೇ. ವೇಗ ತಗ್ಗಿಸಿ ಎಡಬದಿಯ ಬಿಳಿ ಗೆರೆ ನೋಡಿ. 40 ಕಿ.ಮೀ. ವೇಗದಲ್ಲೂ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಿರಿದಾದ ಏರಿನಲ್ಲಿ ಮೇಲೆ ಹತ್ತುವ ಗಾಡಿಗೆ ಮೊದಲ ದಾರಿ, ಇಳಿಯುವವರು ನಿಲ್ಲಬೇಕು. ಹಳದಿ ‘ನೈಟ್ ಕನ್ನಡಕ’ ಇರುವ ಬೆಳಕನ್ನೂ ಕಡಿಮೆ ಮಾಡುವುದರಿಂದ ಅದಕ್ಕೆ ದುಡ್ಡು ಹಾಕಬೇಡಿ.

ಕಣ್ಣು ಕುಕ್ಕುವ ಹೆಡ್‌ಲೈಟಿಗೆ ದಂಡ ಇದೆಯೇ?
— ಕುಶಾಲನಗರ

ಇದೆ. ಎದುರಿನವರ ಕಣ್ಣು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಹೇಳುತ್ತದೆ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ಕೇಸು ಹಾಕಲು ಶುರುಮಾಡಿದ್ದಾರೆ.

ನಮ್ಮ ಕಡೆ ರಾತ್ರಿ ರಸ್ತೆಯಲ್ಲೇ ಆನೆ ನಿಂತಿರುತ್ತದೆ. ಹೈ ಬೀಮ್ ಇಲ್ಲದೆ ಹೇಗೆ?
— ತಿತಿಮತಿ

ಖಾಲಿ ರಸ್ತೆಯಲ್ಲಿ ಹೈ ಬೀಮ್ ಹಾಕಿಯೇ ಹೋಗಿ, ಅದು ಇರುವುದೇ ಅದಕ್ಕೆ. ಎದುರು ಗಾಡಿ ಬಂದು ಡಿಮ್ ಮಾಡಿದಾಗ ವೇಗವನ್ನೂ ಇಳಿಸಿ. 40 ಕಿ.ಮೀ. ವೇಗದಲ್ಲಿ ಒದ್ದೆ ರಸ್ತೆಯಲ್ಲಿ ನಿಲ್ಲಲು ಸುಮಾರು 30 ಮೀಟರ್ ಬೇಕು. ಒದ್ದೆಯಾದ ಆನೆಯ ಮೈ ಬೆಳಕನ್ನು ನುಂಗುವುದರಿಂದ ಡಿಮ್‌ನಲ್ಲಿ ತಡವಾಗಿ ಕಾಣುತ್ತದೆ. ಕಂಡರೆ ದೂರದಲ್ಲೇ ನಿಲ್ಲಿಸಿ ಡಿಮ್ ಮಾಡಿ. ಡಿಪ್ಪರ್, ಹಾರ್ನ್ ಎರಡೂ ಬೇಡ. ಹಿಂದಿನಿಂದ ಬರುವವರಿಗೆ ತಿಳಿಯಲೆಂದು ಪಾರ್ಕಿಂಗ್ ಲೈಟ್ ಮಿನುಗಿಸಿ, ಅದು ತಾನಾಗಿ ತೋಟಕ್ಕಿಳಿಯುವವರೆಗೆ ಕಾಯಿರಿ.