ತೋಫು ಫೋದಲ್ಲಿ ಮೀನಿನ ವಾಸನೆ ಬಂದಿದ್ದಕ್ಕೆ

ವಿಯೆಟ್ನಾಂ ಹೋಟೆಲಿನಲ್ಲಿ ನಿಮ್ಮ ಸಸ್ಯಾಹಾರಿ ಅಮ್ಮನಿಗೆ ಹೇಳಿದ ತೋಫು (ಸೋಯಾ ಪನೀರ್) ಫೋದಲ್ಲಿ, ಅಂದರೆ ಅಲ್ಲಿನ ಅಕ್ಕಿ ಶಾವಿಗೆ ಹಾಕಿದ ಸಾರಿನಲ್ಲಿ, ಮೀನಿನ ವಾಸನೆ ಬಂತು ಅಂದಿರಲ್ಲ, ಅದು ಬಹುತೇಕ ಫಿಶ್ ಸಾಸ್. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ತಿಳಿ. ನಮ್ಮಲ್ಲಿ ಉಪ್ಪು ಮಾಡುವ ಕೆಲಸವನ್ನು ವಿಯೆಟ್ನಾಂ ಅಡುಗೆಯಲ್ಲಿ ಜಾಸ್ತಿ ಅದೇ ಮಾಡುತ್ತೆ. ಅಮ್ಮನ ಬಟ್ಟಲಲ್ಲಿ ತೋಫು ತೇಲುತ್ತಿದ್ದರೂ ಕೆಳಗಿನ ಸಾರು ಕೋಳಿ ಮೂಳೆಯದ್ದೂ ಇರಬಹುದು. ಯಾವುದು ಅಂತ ಅಡುಗೆಯವರೇ ಹೇಳಬೇಕು.

ಮುಂದಿನ ಸಲ ಹೊರಡುವ ಮೊದಲೇ ಹೋಟೆಲಿಗೆ ಫೋನ್ ಮಾಡಿ, ಸಂಜೆ ನಾಲ್ಕರ ಹೊತ್ತಿಗೆ. ಆಗ ಅಡುಗೆಮನೆಗೆ ಪುರುಸೊತ್ತು ಇರುತ್ತೆ. ಸುಮ್ನೆ "ವೆಜ್ಜಾ?" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಸಾರು ಯಾವುದರಲ್ಲಿ ಕುದಿಸ್ತೀರಿ? ಫಿಶ್ ಸಾಸ್ ಇಲ್ಲದೆ ಮಾಡ್ತೀರಾ?" ಅಂತ ಬಿಡಿಸಿ ಕೇಳಿ. ಮೈಸೂರಿನಲ್ಲಿ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗುವಾಗ ನಾನು ಕೇಳೋದು ಇಷ್ಟೇ. "ಚಯ್" ಅನ್ನೋ ಪದ ನೆನಪಿಡಿ, ವಿಯೆಟ್ನಾಂನಲ್ಲಿ ಶುದ್ಧ ಸಸ್ಯಾಹಾರಕ್ಕೆ ಆ ಹೆಸರು. ಹುಣ್ಣಿಮೆ, ಅಮಾವಾಸ್ಯೆಗೆ ಅಲ್ಲಿಯ ಎಷ್ಟೋ ಬೌದ್ಧರು ಚಯ್ ಊಟವನ್ನೇ ಮಾಡುತ್ತಾರೆ. ಹಾಗಾಗಿ ಮೂಲಂಗಿ, ಕ್ಯಾರೆಟ್, ಅಣಬೆ ಬೇಯಿಸಿ, ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಹಾಕಿದ ಸಾರು ಅವರಿಗೆ ಹೊಸದಲ್ಲ. ತುಂಬಾ ಘಮಘಮ ಅನ್ನುತ್ತೆ, ಅಮ್ಮನಿಗೆ ಖಂಡಿತ ಹಿಡಿಸುತ್ತೆ.

ಬೇರೆ ಸಾರು ಇಲ್ಲ ಅಂದರೆ ಫೋ ಬಿಟ್ಟುಬಿಡಿ. ಸಮ್ಮರ್ ರೋಲ್ ಹೇಳಿ. ಒದ್ದೆ ಮಾಡಿದ ತೆಳು ಅಕ್ಕಿ ಹಾಳೆಯೊಳಗೆ ಶಾವಿಗೆ, ಸೌತೆಕಾಯಿ, ಪುದೀನ ಸುತ್ತಿರುತ್ತಾರೆ. ಸೀಗಡಿ ಬೇಡ ಅಂತ ಮರೆಯದೆ ಹೇಳಿ. ಜೊತೆಗೆ ಬರುವ ಬಟ್ಟಲನ್ನೂ ನೋಡಿ. ಮೆಣಸಿನಕಾಯಿ ಚೂರು ತೇಲುವ ತಿಳಿ ಕಂದು ನೀರಾದರೆ ಅದರಲ್ಲೂ ಫಿಶ್ ಸಾಸ್ ಇರುತ್ತೆ. ಅದನ್ನು ಪಕ್ಕಕ್ಕಿಟ್ಟು ಕಡಲೆಕಾಯಿ ಸಾಸ್ ಕೇಳಿ. ಅದಕ್ಕೆ ಏನೇನು ಹಾಕಿದ್ದಾರೆ ಅಂತಲೂ ಒಮ್ಮೆ ವಿಚಾರಿಸಿಯೇ ಅಮ್ಮನ ಮುಂದಿಡಿ.