ಓದುಗರ ಪ್ರಶ್ನೆಗೆ ಉತ್ತರ: ಊರಿನ ಹೆಸರು, ಊರವರ ಹೆಮ್ಮೆ

ಪ್ರಶ್ನೆ: ಸಣ್ಣ ದ್ವೀಪಗಳ ಜನ ಒಬ್ಬಿಬ್ಬರು ಹೆಸರಾಂತರ ಸುತ್ತ ‘ನಾವೆಲ್ಲ ಒಂದು’ ಎಂಬ ಭಾವ ಕಟ್ಟಿಕೊಳ್ಳುವುದು ಹೇಗೆ? ಪ್ರತಿಮೆ ನಿಲ್ಲಿಸಿದರೆ ಸಾಕೇ?
(ಓದುಗರು, ಮಂಜೇಶ್ವರ)

ಉತ್ತರ: ಸಾಲದು. ಪ್ರತಿಮೆಗೆ ವರ್ಷಕ್ಕೊಂದು ಹಾರ ಬೀಳುತ್ತದೆ, ಅಷ್ಟೆ. ಐಸ್‌ಲ್ಯಾಂಡಿನವರು ಹಿಡಿದದ್ದು ತಾರೀಖನ್ನು. ಸ್ವಾತಂತ್ರ್ಯಕ್ಕಾಗಿ ದುಡಿದ ಯೋನ್ ಸಿಗುರ್ಡ್ಸನ್ ಹುಟ್ಟಿದ್ದು 1811ರ ಜೂನ್ 17ರಂದು. ನೂರು ವರ್ಷ ತುಂಬಿದ 1911ರ ಅದೇ ದಿನ ಅಲ್ಲಿನ ವಿಶ್ವವಿದ್ಯಾಲಯ ಶುರುವಾಯಿತು. 1944ರ ಅದೇ ದಿನ ಗಣರಾಜ್ಯದ ಘೋಷಣೆಯಾಯಿತು. ಈಗ ಅದೇ ಅವರ ರಾಷ್ಟ್ರೀಯ ಹಬ್ಬ.

ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ ಅರ್ಥಶಾಸ್ತ್ರದ ನೊಬೆಲ್ (1979) ಪಡೆದ ಆರ್ಥರ್ ಲೂಯಿಸ್, ಸಾಹಿತ್ಯದ ನೊಬೆಲ್ (1992) ಪಡೆದ ಡೆರೆಕ್ ವಾಲ್ಕಾಟ್ ಇಬ್ಬರೂ ಹುಟ್ಟಿದ್ದು ಜನವರಿ 23ರಂದೇ. ಆ ದಿನದ ಆಸುಪಾಸಿನಲ್ಲಿ ವರ್ಷವರ್ಷವೂ ಉಪನ್ಯಾಸ, ನಾಟಕಗಳು ನಡೆಯುತ್ತವೆ. ರಾಜಧಾನಿಯ ಕೊಲಂಬಸ್ ಚೌಕ ವಾಲ್ಕಾಟ್ ಚೌಕವಾಯಿತು. ಕಾಲೇಜಿಗೆ ಲೂಯಿಸ್ ಹೆಸರು ಬಂತು. ದಿನವೂ ಮಕ್ಕಳು ಹೋಗಿಬರುವ ಜಾಗಕ್ಕೆ ಹೆಸರಿಟ್ಟರೆ ಅದು ನಾಲಗೆಯ ಮೇಲೆ ಉಳಿಯುತ್ತದೆ.

ಪ್ರಶ್ನೆ: ನಮ್ಮ ವಾಚನಾಲಯದಿಂದ ನಮ್ಮ ಕಡೆಯ ಕವಿಗಳಾದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರ ಸ್ಮರಣೆ ನಡೆಸುತ್ತೇವೆ. ಭಾಷಣ ಮುಗಿಯುವಾಗ ಮುಂದಿನ ಸಾಲು ಬಿಟ್ಟರೆ ಯಾರೂ ಇರುವುದಿಲ್ಲ. ಏನು ಮಾಡೋಣ?
(ಓದುಗರು, ಬದಿಯಡ್ಕ)

ಉತ್ತರ: ಮೊದಲು ತಾರೀಖು ನೋಡಿ. ಪೈಗಳ ಹುಟ್ಟುಹಬ್ಬ ಮಾರ್ಚ್ 23. ಕೇರಳದ ಶಾಲೆಗಳಲ್ಲಿ ಅದು ಪರೀಕ್ಷೆಯ ಹೊತ್ತು, ಮಕ್ಕಳು ಸಿಗುವುದಿಲ್ಲ. ಕಯ್ಯಾರರದ್ದು ಜೂನ್ 8. ಶಾಲೆ ಆಗಷ್ಟೇ ತೆರೆದಿರುತ್ತದೆ, ಮಳೆ ಹಿಡಿದಿರುತ್ತದೆ. ಪೈಗಳು ತೀರಿಕೊಂಡ ಸೆಪ್ಟೆಂಬರ್ 6 ಒಳ್ಳೆಯದು, ಆದರೆ ಆ ವರ್ಷದ ಓಣಂ ರಜೆ ಯಾವಾಗ ಎಂದು ನೋಡಿಕೊಳ್ಳಿ. ಒಮ್ಮೆ ಗೊತ್ತುಮಾಡಿದ ದಿನವನ್ನು ಅತಿಥಿಗಳ ಬಿಡುವಿಗಾಗಿ ಮುಂದೂಡಬೇಡಿ; ಎರಡು ಸಲ ಮುಂದೂಡಿದರೆ ಊರಿಗೆ ಆ ದಿನವೇ ಮರೆತುಹೋಗುತ್ತದೆ.

ಒಂದೂವರೆ ಗಂಟೆ ಸಾಕು. ಭಾಷಣ ಒಂದೇ, ಹನ್ನೆರಡು ನಿಮಿಷ. ಸಭೆ ಕರಗುವುದು ಸಾಮಾನ್ಯವಾಗಿ ಭಾಷಣದಿಂದಲ್ಲ, ಶಾಲು ಹೊದೆಸುವುದರಿಂದ: ಹತ್ತು ಜನರಿಗೆ ಪರಿಚಯ, ಸನ್ಮಾನ, ಫೋಟೋ ಎಂದರೆ ನಲವತ್ತು ನಿಮಿಷ ಹೋಯಿತು. ಉಳಿದ ಹೊತ್ತು ಮಕ್ಕಳದ್ದು. ಆರು ಕನ್ನಡ ಶಾಲೆಗಳಿಂದ ಇಬ್ಬಿಬ್ಬರು, ತಲಾ ಹದಿನಾರು ಸಾಲಿನ ಪದ್ಯ. ಹನ್ನೆರಡು ಮಕ್ಕಳು ಬಂದರೆ ಹನ್ನೆರಡು ಮನೆಯವರೂ ಬರುತ್ತಾರೆ, ಕೊನೆಯ ಪದ್ಯದವರೆಗೂ ಕೂರುತ್ತಾರೆ.

ಪದ್ಯವನ್ನು ಆರು ವಾರ ಮೊದಲೇ ದೊಡ್ಡಕ್ಷರದಲ್ಲಿ ಕೊಡಿ. ಪೈಗಳ ಕನ್ನಡ ಬಿಗಿ. ಎಲ್ಲಿ ಉಸಿರು ತೆಗೆಯಬೇಕೆಂದು ತಿಳಿಯದ ಮಗು ಮಗ್ಗಿ ಒಪ್ಪಿಸಿದ ಹಾಗೆ ಓದುತ್ತದೆ. ನಿಲ್ಲಬೇಕಾದಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿ, ಮಾಸ್ತರರು ಗಟ್ಟಿಯಾಗಿ ಓದಿ ತೋರಿಸಲಿ. ಕಿರಿಯರಿಗೆ ಕಯ್ಯಾರರ ಪದ್ಯಗಳನ್ನು ಕೊಡಿ. ಮಾಸ್ತರಿಕೆ ಮಾಡಿದವರು, ಮಕ್ಕಳ ಬಾಯಿಗೆ ಹೊಂದುವ ಕನ್ನಡ ಬಲ್ಲವರು. ಪ್ರತಿ ಪದ್ಯದ ಸಾರವನ್ನು ಎರಡೇ ವಾಕ್ಯದಲ್ಲಿ ಮಲಯಾಳದಲ್ಲೂ ಹೇಳಿಸಿ. ಪಕ್ಕದ ಮನೆಯವರಿಗೂ ಇವರು ‘ನಮ್ಮ ಊರಿನವರು’ ಎನ್ನಿಸಬೇಕು, ಇದನ್ನು ನಾವು ತುಂಬ ಒತ್ತಿ ಹೇಳುತ್ತೇವೆ.

ಪದ್ಯಗಳ ಪುಸ್ತಿಕೆ ಅಚ್ಚು ಹಾಕುವುದಾದರೆ: ಪೈಗಳು ತೀರಿಕೊಂಡದ್ದು 1963ರಲ್ಲಿ. ಬದುಕಿದ್ದಾಗ ಪ್ರಕಟವಾದ ಅವರ ಬರಹಗಳ ಹಕ್ಕಿನ ಅವಧಿ, ಅಂದರೆ ತೀರಿಕೊಂಡ ಬಳಿಕದ 60 ವರ್ಷ, 2023ರ ಕೊನೆಗೆ ಮುಗಿದಿದೆ. ಕಯ್ಯಾರರು ತೀರಿಕೊಂಡದ್ದು 2015ರಲ್ಲಿ. ಅವರ ಪದ್ಯಗಳಿಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು.

ಪ್ರಶ್ನೆ: ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಲ್ಲಿ ಕಾರ್ಯಕ್ರಮ ಮಾಡಹೊರಟರೆ, ಪ್ರಸಂಗಗಳು ಅವನದ್ದೇ ಹೌದೋ ಅಲ್ಲವೋ ಎಂಬ ಚರ್ಚೆ ಏಳುತ್ತದೆ. ಬಿಟ್ಟುಬಿಡುವುದೇ?
(ಓದುಗರು, ಕುಂಬಳೆ)

ಉತ್ತರ: ಬಿಡಬೇಡಿ. ಈಗ ಫ್ರಾನ್ಸಿಗೆ ಸೇರಿದ ಕೋರ್ಸಿಕಾ ದ್ವೀಪದಲ್ಲಿ ಅಜಾಕ್ಸಿಯೊ ವಿಮಾನ ನಿಲ್ದಾಣಕ್ಕೆ ಅಲ್ಲೇ ಹುಟ್ಟಿ ಫ್ರಾನ್ಸಿನ ಚಕ್ರವರ್ತಿಯಾದ ನೆಪೋಲಿಯನ್ ಹೆಸರು. 1981ರಲ್ಲಿ ಮತ್ತೆ ತೆರೆದ ವಿಶ್ವವಿದ್ಯಾಲಯಕ್ಕೆ, ದ್ವೀಪದ ಸ್ವಾತಂತ್ರ್ಯಕ್ಕಾಗಿ ಫ್ರಾನ್ಸಿನ ವಿರುದ್ಧ ಹೋರಾಡಿದ ಪಾವೊಲಿಯ ಹೆಸರು. ವಾದವಿದೆ, ದ್ವೀಪ ಇಬ್ಬರನ್ನೂ ಇಟ್ಟುಕೊಂಡಿದೆ. ನೀವೂ ಎರಡೂ ಪಕ್ಷದವರನ್ನು ಕರೆಯಿರಿ: ಹದಿನೈದು ನಿಮಿಷ ಒಬ್ಬರು, ಹದಿನೈದು ನಿಮಿಷ ಇನ್ನೊಬ್ಬರು, ಬಳಿಕ ರಾಮಾಯಣ ಪ್ರಸಂಗವೊಂದರ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಎರಡು ಗಂಟೆ. ಯಾವ ಪದಗಳ ಬಗ್ಗೆ ವಾದ ನಡೆಯಿತೋ ಅವನ್ನೇ ಹಾಡುವಂತೆ ಭಾಗವತರಿಗೆ ಮೊದಲೇ ತಿಳಿಸಿಡಿ.